ಮಣ್ಣಿನ ಸಾಕ್ಷಿ, ಮಾತಿನ ಸಾಕ್ಷಿ



ತಮ್ಮ ಊರಿನ ಗುಡಿಯ ಮುಂದೆಯೋ, ಕೆರೆಯ ಏರಿಯ ಮೇಲೆಯೋ, ಮಠದ ಅಂಗಳದಲ್ಲಿಯೋ ಒಂದು ಶಾಸನದ ಕಲ್ಲು ನಿಂತಿರಬಹುದು. ಮೇಲೆ ಸೂರ್ಯಚಂದ್ರರು, ನಡುವೆ ಲಿಂಗ, ಒಂದು ಬದಿಗೆ ಆಕಳು ಕರು. ಅವುಗಳ ಕೆಳಗೆ ಹಳಗನ್ನಡದ ಸಾಲುಗಳು. ಬಾಲ್ಯದಿಂದಲೂ ತಾವು ಆ ಕಲ್ಲನ್ನು ನೋಡಿದ್ದೀರಿ. ಹಬ್ಬಹರಿದಿನಗಳಲ್ಲಿ ಅದಕ್ಕೂ ಕುಂಕುಮ ಹಚ್ಚಿ ಕೈಮುಗಿದಿದ್ದೀರಿ. ಆದರೆ ಆ ಕಲ್ಲು ಏನು ಹೇಳುತ್ತದೆ, ಯಾರಿಗಾಗಿ ಹೇಳುತ್ತದೆ, ಅದು ಹೇಳಿದುದನ್ನೆಲ್ಲ ನಂಬಬಹುದೇ ಎಂಬ ಪ್ರಶ್ನೆಗಳನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿಕೊಂಡಿದ್ದೇವೆ? ಇತಿಹಾಸವೆಂಬ ಶಾಸ್ತ್ರವು ಆರಂಭವಾಗುವುದೇ ಈ ಪ್ರಶ್ನೆಗಳಿಂದ.

ಇತಿಹಾಸಕಾರನ ಮುಂದೆ ಬಂದು ನಿಲ್ಲುವ ಸಾಕ್ಷಿಗಳು ಹಲವು ಬಗೆ. ಅವುಗಳಲ್ಲಿ ಎರಡನ್ನು ಇಲ್ಲಿ ವಿಚಾರಿಸೋಣ. ಮೊದಲನೆಯದು ನೆಲದೊಳಗಿಂದ ದೊರೆತ ಪ್ರಾಚೀನ ವಸ್ತು. ಎರಡನೆಯದು ರಾಷ್ಟ್ರನಾಯಕರು ಪರರಾಷ್ಟ್ರಗಳನ್ನು ಕುರಿತು, ಪರರಾಷ್ಟ್ರಗಳವರ ಎದುರಿನಲ್ಲಿ ಆಡಿದ ಭಾಷಣ. ಮಣ್ಣಿನಲ್ಲಿ ಸಿಕ್ಕದ್ದು ಸುಳ್ಳಾಡದು, ರಾಜಕಾರಣಿಯ ಮಾತು ನಿಜವಾಗದು ಎಂಬುದು ಜನಸಾಮಾನ್ಯರ ಭಾವನೆ. ಈ ಎರಡೂ ಅರ್ಧಸತ್ಯಗಳು. ಮಣ್ಣಿನ ವಸ್ತುವೂ ತನ್ನ ಒಡೆಯನ ಪರವಾಗಿ ವಾದಿಸಬಲ್ಲುದು. ಪೊಳ್ಳು ಭಾಷಣವೂ ತನಗೆ ಅರಿವಿಲ್ಲದಂತೆ ಸತ್ಯವನ್ನು ಬಿಟ್ಟುಕೊಡಬಲ್ಲುದು. ಇದನ್ನು ತೋರಿಸಲು ಒಂದೇ ಒಂದು ಮಣ್ಣಿನ ಉರುಳೆಯ ಕಥೆ ಸಾಕು.

ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿ ಸುಟ್ಟ ಜೇಡಿಮಣ್ಣಿನ ಉರುಳೆಯೊಂದಿದೆ. ಉದ್ದ ಒಂದು ಗೇಣಿನಷ್ಟು, ಎಂದರೆ ಸುಮಾರು 22 ಸೆಂಟಿಮೀಟರ್. ಆಕಾರ ನಡು ಉಬ್ಬಿದ ಪೀಪಾಯಿಯಂತೆ. ಅದರ ಮೈತುಂಬ ಬೆಣೆಲಿಪಿಯಲ್ಲಿ, ಅಕ್ಕಾಡಿಯನ್ ಭಾಷೆಯಲ್ಲಿ 45 ಸಾಲುಗಳ ಬರಹವಿದೆ. ಹಲವು ಸಾಲುಗಳು ಒಡೆದು ಹೋಗಿವೆ. 1879ರಲ್ಲಿ ಹೊರ್ಮುಜ್ದ್ ರಸ್ಸಾಮ್ ಎಂಬಾತನು ಇಂದಿನ ಇರಾಕ್ ದೇಶದಲ್ಲಿರುವ ಬ್ಯಾಬಿಲೋನಿನ ಹಾಳುದಿಬ್ಬಗಳಲ್ಲಿ ಆ ಸಂಗ್ರಹಾಲಯಕ್ಕಾಗಿ ನಡೆಸಿದ ಅಗೆತದಲ್ಲಿ ಇದು ದೊರೆಯಿತು. ಕ್ರಿ.ಪೂ. 539ರಲ್ಲಿ ಬ್ಯಾಬಿಲೋನನ್ನು ಗೆದ್ದ ಪರ್ಷಿಯದ ಅರಸು ಸೈರಸ್ಸನ ಹೆಸರಿನಲ್ಲಿ ಬರೆಯಿಸಿದ ಲೇಖನವಿದು. ಆದುದರಿಂದ ವಿದ್ವಾಂಸರು ಇದನ್ನು ಸೈರಸ್ಸನ ಉರುಳೆಯೆಂದೇ ಕರೆಯುತ್ತಾರೆ.

ಇದರ ಒಕ್ಕಣೆಯ ಸಾರಾಂಶ ಇಷ್ಟು. ಬ್ಯಾಬಿಲೋನಿನ ಹಿಂದಿನ ಅರಸು ನಬೊನಿಡಸ್ಸನು ನಗರದೇವತೆಯಾದ ಮಾರ್ದುಕನ ಪೂಜೆಯನ್ನು ಕೆಡಿಸಿದನು, ಪ್ರಜೆಗಳ ಕೊರಳಿಗೆ ನೊಗ ಹೂಡಿದನು. ಪ್ರಜೆಗಳ ಗೋಳನ್ನು ಕೇಳಿದ ಮಾರ್ದುಕನು ಧರ್ಮಿಷ್ಠನಾದ ಒಬ್ಬ ಅರಸನಿಗಾಗಿ ದೇಶದೇಶಗಳನ್ನು ಹುಡುಕಿ, ಅನ್ಶಾನಿನ ದೊರೆ ಸೈರಸ್ಸನ ಕೈ ಹಿಡಿದನು. ಮಿತ್ರನಂತೆ ಅವನ ಜೊತೆಯಲ್ಲಿ ನಡೆದು, ಕಾಳಗವಿಲ್ಲದೆಯೇ ಅವನನ್ನು ನಗರದೊಳಕ್ಕೆ ಕರೆತಂದನು. ಜನರು ಹರ್ಷದಿಂದ ಅವನನ್ನು ಎದುರುಗೊಂಡರು. ಅವನು ತನ್ನ ಸೇನೆಯಿಂದ ಯಾರಿಗೂ ಭಯವಾಗದಂತೆ ನೋಡಿಕೊಂಡು, ಸ್ಥಾನಪಲ್ಲಟವಾಗಿದ್ದ ದೇವತಾಮೂರ್ತಿಗಳನ್ನು ಅವುಗಳ ಊರುಗಳಿಗೆ ಮರಳಿಸಿದನು. ಅಲ್ಲಿಯ ಜನರನ್ನೂ ಒಟ್ಟುಗೂಡಿಸಿ ಅವರವರ ನೆಲೆಗಳಿಗೆ ಸೇರಿಸಿದನು. ಕೋಟೆಯ ಗೋಡೆಯನ್ನು ದುರಸ್ತಿಮಾಡಿಸಿದನು.

ಓದುಗರೇ, ಈ ವೃತ್ತಾಂತವನ್ನು ಕೇಳಿದಾಗ ಯಾರ ಮನಸ್ಸಾದರೂ ಅರಳಬೇಕು. ಗೆದ್ದ ಅರಸನು ಸೋತವರ ದೇವರನ್ನು ಗೌರವಿಸುವುದು ಅಪೂರ್ವವಾದ ಮಾತೇ ಸರಿ. ಆದರೆ ಇತಿಹಾಸಕಾರನು ಇಲ್ಲಿ ಕೈಮುಗಿಯುವುದಕ್ಕೆ ಮೊದಲು ಪಾಟೀಸವಾಲು ಮಾಡಬೇಕಾಗುತ್ತದೆ.

ಮೊದಲನೆಯ ಸವಾಲು: ಇಂಥ ಲೇಖನಗಳನ್ನು ಬರೆಯಿಸುವ ವಾಡಿಕೆ ಆ ನಾಡಿನಲ್ಲಿ ಮೊದಲೇ ಇದ್ದಿತೇ? ಇದ್ದಿತು. ಗುಡಿಯನ್ನೋ ಕೋಟೆಯನ್ನೋ ಕಟ್ಟಿಸಿದಾಗ ಅದರ ತಳಹದಿಯಲ್ಲಿ ದೇವರಿಗೂ ಮುಂಬರುವ ಅರಸರಿಗೂ ಕಾಣಲೆಂದು ಲೇಖನವನ್ನು ಹುದುಗಿಸುವುದು ಮೆಸೊಪೊಟೇಮಿಯದ ಬಹು ಹಳೆಯ ಪದ್ಧತಿ. ಗೋಡೆಯ ಕೆಲಸದಲ್ಲಿ ತನಗಿಂತ ಹಿಂದಿನ ಅರಸನಾದ ಅಶ್ಶುರ್‌ಬನಿಪಾಲನ ಲೇಖನವೊಂದು ಕಣ್ಣಿಗೆ ಬಿದ್ದಿತೆಂದು ಸೈರಸ್ಸನ ಉರುಳೆಯೇ ಕೊನೆಯಲ್ಲಿ ಹೇಳುತ್ತದೆ. ಎಂದ ಮೇಲೆ ಇಲ್ಲಿಯ ಭಾಷೆ, ಬಿರುದು, ಭಕ್ತಿಯ ಮಾತು ಇವೆಲ್ಲವೂ ಪರ್ಷಿಯದಿಂದ ಬಂದವಲ್ಲ. ಬ್ಯಾಬಿಲೋನಿನ ಗುಡಿಯ ಲಿಪಿಕಾರರ ಪರಂಪರೆಯಿಂದ ಬಂದವು. ನಮ್ಮ ಶಾಸನಕವಿಗಳು ಪ್ರತಿಯೊಬ್ಬ ಮಾಂಡಲಿಕನನ್ನೂ ಶರಣಾಗತವಜ್ರಪಂಜರನೆಂದು ಕೊಂಡಾಡುವುದನ್ನು ಬಲ್ಲ ತಮಗೆ ಇದು ವಿಚಿತ್ರವೆನಿಸಲಾರದು.

ಎರಡನೆಯ ಸವಾಲು: ಬೇರೆ ಸಾಕ್ಷಿಗಳು ಏನೆನ್ನುತ್ತವೆ? ನಬೊನಿಡಸ್ಸನ ಕಾಲದ ವಾರ್ಷಿಕ ವೃತ್ತಾಂತವನ್ನು ದಾಖಲಿಸಿದ ಮಣ್ಣಿನ ಹಲಗೆಯೊಂದು ದೊರೆತಿದೆ. ಅದರ ಪ್ರಕಾರ ಬ್ಯಾಬಿಲೋನಿನೊಳಕ್ಕೆ ಸೈರಸ್ಸನ ಸೈನ್ಯವು ಕಾಳಗವಿಲ್ಲದೆ ಪ್ರವೇಶಿಸಿದುದು ನಿಜ. ಆದರೆ ಅದಕ್ಕೆ ಕೆಲವೇ ದಿನಗಳ ಮುಂಚೆ ಟೈಗ್ರಿಸ್ ನದಿಯ ದಡದ ಓಪಿಸ್ ಎಂಬಲ್ಲಿ ಯುದ್ಧ ನಡೆಯಿತು. ಅಲ್ಲಿ ಕೊಲೆಯೂ ಆಯಿತು, ಸುಲಿಗೆಯೂ ಆಯಿತು. ಉರುಳೆಯು ಇದನ್ನು ಹೇಳುವುದೇ ಇಲ್ಲ. ಅದು ಆಡಿದುದು ಸುಳ್ಳಲ್ಲ, ಅರ್ಧ. ನಬೊನಿಡಸ್ಸನ ಮೇಲಿನ ಆರೋಪಗಳಾದರೂ ಪೂರ್ತಿ ಕಟ್ಟುಕಥೆಯಲ್ಲ. ಅವನು ಚಂದ್ರದೇವತೆಯಾದ ಸಿನ್ನನ ಭಕ್ತನೆಂಬುದು ಅವನ ಸ್ವಂತ ಶಾಸನಗಳಿಂದಲೇ ಸಿದ್ಧ. ಅವನು ಬಹುವರ್ಷ ಅರೇಬಿಯದ ತೈಮಾದಲ್ಲಿ ನೆಲಸಿದ್ದನೆಂದೂ, ಆ ಕಾಲದಲ್ಲಿ ಬ್ಯಾಬಿಲೋನಿನ ಹೊಸವರ್ಷದ ಉತ್ಸವ ನಿಂತಿತ್ತೆಂದೂ ಅದೇ ವೃತ್ತಾಂತದ ಹಲಗೆ ತಿಳಿಸುತ್ತದೆ. ದೇವತಾಮೂರ್ತಿಗಳು ತಮ್ಮ ಊರುಗಳಿಗೆ ಮರಳಿದುದಕ್ಕೂ ಅಲ್ಲಿ ಸಮರ್ಥನೆಯಿದೆ. ಹೀಗೆ ಒಂದು ಸಾಕ್ಷಿಯನ್ನು ಇನ್ನೊಂದು ಸಾಕ್ಷಿಯಿಂದ ಒರೆದಾಗ ಕೆಲವು ಮಾತು ನಿಲ್ಲುತ್ತವೆ, ಕೆಲವು ಬೀಳುತ್ತವೆ, ಕೆಲವು ಕುಂಟುತ್ತವೆ.

ಮೂರನೆಯ ಸವಾಲು: ಲೇಖನದಲ್ಲಿ ಏನಿಲ್ಲ? ಸೈರಸ್ಸನು ಯೆಹೂದ್ಯರನ್ನು ಸೆರೆಯಿಂದ ಬಿಡಿಸಿ, ಜೆರುಸಲೇಮಿನ ದೇವಾಲಯವನ್ನು ಮತ್ತೆ ಕಟ್ಟಲು ಅನುಮತಿಯಿತ್ತನೆಂದು ಅವರ ಧರ್ಮಗ್ರಂಥ ಹೇಳುತ್ತದೆ. ಉರುಳೆಯಲ್ಲಿ ಯೆಹೂದ್ಯರ ಹೆಸರಾಗಲಿ ಜೆರುಸಲೇಮಿನ ಹೆಸರಾಗಲಿ ಇಲ್ಲ. ಅಲ್ಲಿ ಬರುವ ಊರುಗಳು ಅಶ್ಶುರ್, ಸೂಸಾ, ಅಕ್ಕಾಡ್, ಎಶ್ನುನ್ನ ಮೊದಲಾದ ಪೂರ್ವದ ಕಡೆಯವು. ಹಾಗೆಂದು ಯೆಹೂದ್ಯರ ಬಿಡುಗಡೆ ನಡೆಯಲೇ ಇಲ್ಲವೆನ್ನಬಹುದೇ? ಅನ್ನಲಾಗದು. ಉರುಳೆಯಲ್ಲಿ ಕಾಣುವ ಧೋರಣೆಗೆ ಅದು ಹೊಂದಿಕೊಳ್ಳುತ್ತದೆ. ಆದರೆ ಹೊಂದಿಕೊಳ್ಳುವುದು ಬೇರೆ, ರುಜುವಾತಾಗುವುದು ಬೇರೆ. ಈ ವ್ಯತ್ಯಾಸವನ್ನು ಮರೆತವನು ಇತಿಹಾಸವನ್ನು ಬರೆಯಲಾರ.

ಇಷ್ಟಾದ ಮೇಲೆ ಉಳಿಯುವುದೇನು? ಬಹಳ ಬೆಲೆಯುಳ್ಳದ್ದೇ ಉಳಿಯುತ್ತದೆ. ಪರದೇಶದಿಂದ ಬಂದ ವಿಜೇತನು, ಸೋತ ಪ್ರಜೆಗಳ ಭಾಷೆಯಲ್ಲಿ, ಅವರ ದೇವರ ಹೆಸರಿನಲ್ಲಿ ಮಾತನಾಡುವುದು ತನ್ನ ಆಳಿಕೆಗೆ ಅವಶ್ಯವೆಂದು ಭಾವಿಸಿದನು. ಈ ಸಂಗತಿಯನ್ನು ಯಾವ ಪಾಟೀಸವಾಲೂ ಅಲುಗಿಸಲಾರದು. ಇನ್ನೊಂದು ವಿಶೇಷವನ್ನೂ ಗಮನಿಸಿರಿ. ಇದು ಕೇವಲ ಹೂತಿಡಲು ಬರೆದ ಲೇಖನವೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. 2009-10ರಲ್ಲಿ ಅದೇ ಸಂಗ್ರಹಾಲಯದ ಭಂಡಾರದಲ್ಲಿ ಶತಮಾನಕ್ಕೂ ಮೇಲ್ಪಟ್ಟು ಸುಮ್ಮನೆ ಬಿದ್ದಿದ್ದ ಹಲಗೆಯ ಎರಡು ಚೂರುಗಳಲ್ಲಿ ಇದೇ ಒಕ್ಕಣೆಯ ಭಾಗಗಳನ್ನು ಗುರುತಿಸಲಾಯಿತು. ಎಂದರೆ ಇದರ ನಕಲುಗಳು ಲಿಪಿಕಾರರ ಕೈಯಲ್ಲಿ ಓಡಾಡಿದ್ದವು. ಇದು ಒಂದು ಬಗೆಯ ಘೋಷಣೆಯೂ ಆಗಿದ್ದಿರಬೇಕು. ನಾವು ವಸ್ತುವೆಂದು ಕರೆದ ಈ ಉರುಳೆಯೇ ಒಂದು ಭಾಷಣ! ಎರಡೂವರೆ ಸಾವಿರ ವರ್ಷಗಳ ಹಿಂದಿನ ಅರಸನೊಬ್ಬನು ಪರನಾಡಿನ ಜನರ ಎದುರಿಗೆ ತನ್ನನ್ನು ಸಮರ್ಥಿಸಿಕೊಂಡ ರಾಜನೀತಿಯ ಭಾಷಣ!

ಇನ್ನು ಮಾತಿನ ಸಾಕ್ಷಿಗೆ ಬರೋಣ. 1968ರಲ್ಲಿ ವಿಶ್ವಸಂಸ್ಥೆಯ ಮಾನವಹಕ್ಕುಗಳ ಅಂತರರಾಷ್ಟ್ರೀಯ ಸಮ್ಮೇಳನವು ಟೆಹರಾನಿನಲ್ಲಿ ಸೇರಿತು. ಅದನ್ನು ಉದ್ಘಾಟಿಸಿದ ಇರಾನಿನ ಷಾ ಮೊಹಮ್ಮದ್ ರೆಜಾ ಪೆಹ್ಲವಿ, ಮಾನವಹಕ್ಕುಗಳ ಘೋಷಣೆಯ ಪೂರ್ವರೂಪವನ್ನು ತಮ್ಮ ನಾಡಿನ ಸೈರಸ್ಸನು 2500 ವರ್ಷಗಳ ಹಿಂದೆಯೇ ಹೊರಡಿಸಿದ್ದನೆಂಬ ಅಭಿಪ್ರಾಯವನ್ನು ಪ್ರತಿನಿಧಿಗಳ ಮುಂದಿಟ್ಟರು. 1971ರ ಅಕ್ಟೋಬರಿನಲ್ಲಿ ಪರ್ಷಿಯದ ಅರಸೊತ್ತಿಗೆಯ 2500ನೆಯ ವರ್ಷದ ಮಹೋತ್ಸವ ನಡೆಯಿತು. ಷಾ ಅವರು ಪಸರ್ಗದೆಯಲ್ಲಿರುವ ಸೈರಸ್ಸನ ಸಮಾಧಿಯ ಎದುರಿಗೆ ನಿಂತು, ಸತ್ತ ಅರಸನನ್ನೇ ಸಂಬೋಧಿಸಿ ಭಾಷಣ ಮಾಡಿದರು. ಉತ್ಸವದ ಲಾಂಛನದಲ್ಲಿ ಈ ಉರುಳೆಯೇ ಇದ್ದಿತು. ಅದೇ ತಿಂಗಳು ಅದರ ಪ್ರತಿಕೃತಿಯೊಂದನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಗೆ ಕಾಣಿಕೆಯಾಗಿ ಒಪ್ಪಿಸಲಾಯಿತು. ಅಂದಿನಿಂದ ಜಗತ್ತಿನ ಮೊತ್ತಮೊದಲ ಮಾನವಹಕ್ಕುಗಳ ಸನ್ನದು ಎಂಬ ಬಿರುದು ಈ ಮಣ್ಣಿನ ಉರುಳೆಗೆ ಅಂಟಿಕೊಂಡಿತು. ಮುಂದೆ ಸೈರಸ್ಸನು ಗುಲಾಮಗಿರಿಯನ್ನು ಸಂಪೂರ್ಣ ರದ್ದುಪಡಿಸಿದನೆಂದು ಹೇಳುವ ಕೃತಕ ಅನುವಾದಗಳೂ ಹುಟ್ಟಿ ಹರಡಿದವು. ಅಂಥ ವಾಕ್ಯ ಮೂಲದಲ್ಲಿ ಇಲ್ಲ.

ಹಾಗಾದರೆ ಷಾ ಅವರ ಭಾಷಣ ನಿಷ್ಪ್ರಯೋಜಕ ಸಾಕ್ಷಿಯೇ? ಅಲ್ಲ. ಅದು ಕ್ರಿ.ಪೂ. 539ಕ್ಕೆ ಸಾಕ್ಷಿಯಲ್ಲ; 1971ಕ್ಕೆ ಉತ್ತಮ ಸಾಕ್ಷಿ. ಆ ವರ್ಷದ ಕೊನೆಗೆ ಬ್ರಿಟಿಷರು ಪರ್ಷಿಯ ಕೊಲ್ಲಿಯಿಂದ ತಮ್ಮ ಸೇನೆಯನ್ನು ಹಿಂತೆಗೆದುಕೊಳ್ಳುವವರಿದ್ದರು. ತೆರವಾಗಲಿದ್ದ ಆ ಹಿರಿತನದ ಪೀಠದಲ್ಲಿ ಇರಾನ್ ಕೂಡಬಯಸಿತ್ತು. ತನ್ನ ಅಧಿಕಾರದ ಬೇರು ಇಸ್ಲಾಮಿಗಿಂತಲೂ ಹಳೆಯದೆಂದು ತೋರಿಸುವುದು ಅರಸೊತ್ತಿಗೆಗೆ ಬೇಕಾಗಿತ್ತು. ಸೈರಸ್ಸನ ಶಾಂತಿನೀತಿಯನ್ನು ಹೊಗಳಿದ ಆರೇಳು ವಾರಗಳಲ್ಲಿ, ಎಂದರೆ 1971ರ ನವೆಂಬರ್ 30ರಂದು, ಇರಾನಿನ ಸೈನ್ಯವು ಕೊಲ್ಲಿಯ ಅಬು ಮೂಸಾ ಮತ್ತು ಎರಡು ತುಂಬ್ ದ್ವೀಪಗಳ ಮೇಲೆ ಇಳಿಯಿತು. 1976ರಲ್ಲಿ ದೇಶದ ಪಂಚಾಂಗವನ್ನೇ ಬದಲಾಯಿಸಿ ಸೈರಸ್ಸನಿಂದ ವರ್ಷಗಳನ್ನೆಣಿಸುವ ಶಕೆಯನ್ನು ತರಲಾಯಿತು. ಎರಡೇ ವರ್ಷಗಳಲ್ಲಿ ಅದನ್ನು ಕೈಬಿಡಬೇಕಾಯಿತು. 1979ರಲ್ಲಿ ಅರಸೊತ್ತಿಗೆಯೇ ಉರುಳಿತು. ನುಡಿಯನ್ನು ನಡೆಯ ಪಕ್ಕದಲ್ಲಿಟ್ಟು ನೋಡಿದಾಗಲೇ ನುಡಿಯ ನಿಜವಾದ ಅರ್ಥ ಹೊಳೆಯುತ್ತದೆ ಎಂಬುದನ್ನು ಶರಣರ ಮಾರ್ಗದಲ್ಲಿರುವವರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಇದೇ ಸೈರಸ್ಸನ ಹೆಸರನ್ನು ಪರಸ್ಪರ ವಿರೋಧಿಗಳೂ ಹಿಡಿದರು. ಅಮೆರಿಕದ ಅಧ್ಯಕ್ಷರಾಗಿದ್ದ ಟ್ರೂಮನ್, ಅಧಿಕಾರವನ್ನು ಬಿಟ್ಟ ಮೇಲೆ, 1953ರಲ್ಲಿ ಯೆಹೂದ್ಯರ ಸಭೆಯೊಂದರಲ್ಲಿ ತಾವೇ ಸೈರಸ್ಸನೆಂದು ಹೇಳಿಕೊಂಡುದು ಪ್ರಸಿದ್ಧವಾಗಿದೆ. 1948ರಲ್ಲಿ ಇಸ್ರೇಲಿಗೆ ತಾವು ನೀಡಿದ ಮನ್ನಣೆಯೇ ಅವರ ಮನಸ್ಸಿನಲ್ಲಿದ್ದುದು. 2018ರ ಮಾರ್ಚಿನಲ್ಲಿ ಇಸ್ರೇಲಿನ ಪ್ರಧಾನಿ ನೆತನ್ಯಾಹು, ಜೆರುಸಲೇಮನ್ನು ರಾಜಧಾನಿಯೆಂದು ಮಾನ್ಯಮಾಡಿದ ಅಧ್ಯಕ್ಷ ಟ್ರಂಪರ ಎದುರಿಗೆ ಸೈರಸ್ಸನನ್ನು ಸ್ಮರಿಸಿದರು. ಇತ್ತ ಇಸ್ರೇಲಿನ ಕಡುವಿರೋಧಿಯಾದ ಇರಾನಿನ ಇಸ್ಲಾಮೀ ಗಣರಾಜ್ಯಕ್ಕೆ 2010ರ ಸೆಪ್ಟೆಂಬರಿನಲ್ಲಿ ಉರುಳೆಯು ಕೆಲವು ತಿಂಗಳ ಕಡವಾಗಿ ಬಂದಾಗ, ಅಧ್ಯಕ್ಷ ಅಹ್ಮದಿನೆಜಾದ್ ಅದನ್ನು ಸಂಭ್ರಮದಿಂದ ಬರಮಾಡಿಕೊಂಡರು. ಆ ವರ್ಷದ ಜೂನಿನಲ್ಲಷ್ಟೇ ಭದ್ರತಾ ಮಂಡಳಿಯು ಇರಾನಿನ ಮೇಲೆ ಹೊಸ ನಿರ್ಬಂಧಗಳನ್ನು ಹೇರಿದ್ದಿತೆಂಬುದನ್ನು ನೆನೆದರೆ ಆ ಸಂಭ್ರಮದ ಮರ್ಮ ತಿಳಿಯುತ್ತದೆ. ಉರುಳೆ ಒಂದೇ, ಅದರ ಬಾಯಲ್ಲಿ ಮಾತು ಹಾಕಿದವರು ಹಲವರು.

ಭಾಷಣವನ್ನು ಆಕರವಾಗಿ ಓದುವಾಗ ಕೇಳಬೇಕಾದುದು ಐದು ಪ್ರಶ್ನೆ: ಯಾರು ಆಡಿದರು? ಎಂದು ಆಡಿದರು? ಯಾರ ಮುಂದೆ ಆಡಿದರು? ಏನನ್ನು ಆಡದೆ ಬಿಟ್ಟರು? ಅನಂತರ ಏನು ಮಾಡಿದರು? ತಾವು ಗಮನಿಸಿದಿರಾದರೆ, ಮಣ್ಣಿನ ಉರುಳೆಗೆ ಹಾಕಿದ ಸವಾಲುಗಳೂ ಬಹುಮಟ್ಟಿಗೆ ಇವೇ.

ಪರದೇಶದ ಕಥೆ ಸಾಕು, ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಇಮ್ಮಡಿ ಪುಲಕೇಶಿಗೂ ಪರ್ಷಿಯಕ್ಕೂ ಸಂಬಂಧವಿದ್ದಿತೆಂದು ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಓದಿದವರು. ಎರಡನೆಯ ಖುಸ್ರೊ ಎಂಬ ಪರ್ಷಿಯದ ಚಕ್ರವರ್ತಿಗೆ ಭಾರತದ ಅರಸನೊಬ್ಬನು ಪತ್ರ ಬರೆದನೆಂದು ಅರಬ್ಬೀ ಇತಿಹಾಸಕಾರ ತಬರಿ ಹೇಳುತ್ತಾನೆ. ಆ ಅರಸನು ಪುಲಕೇಶಿಯೇ ಎಂದು ಕೆಲವು ವಿದ್ವಾಂಸರು ಊಹಿಸಿದರು. ಇದರ ಬಲದ ಮೇಲೆ, ಅಜಂತೆಯ ಮೊದಲನೆಯ ಗುಹೆಯಲ್ಲಿ ಪರದೇಶದ ಉಡುಪಿನವರು ಅರಸನೊಬ್ಬನಿಗೆ ಕಾಣಿಕೆ ಒಪ್ಪಿಸುವ ಚಿತ್ರವನ್ನು ನೋಡಿದ ಜೇಮ್ಸ್ ಫರ್ಗುಸನ್, ಇದು ಪುಲಕೇಶಿಯ ಆಸ್ಥಾನಕ್ಕೆ ಬಂದ ಪರ್ಷಿಯದ ರಾಯಭಾರವೆಂದು 1879ರಲ್ಲಿ ಬರೆದನು. ಸೈರಸ್ಸನ ಉರುಳೆ ಮಣ್ಣಿನಿಂದ ಹೊರಬಂದ ವರ್ಷವೂ ಅದೇ ಎಂಬುದು ಸ್ವಾರಸ್ಯದ ಸಂಗತಿ. ಆದರೆ ಅನಂತರದ ಸಂಶೋಧಕರು ಆ ಗುಹೆಯನ್ನು ವಾಕಾಟಕ ಹರಿಷೇಣನ ಕಾಲಕ್ಕೆ, ಎಂದರೆ ಐದನೆಯ ಶತಮಾನದ ಉತ್ತರಾರ್ಧಕ್ಕೆ ಒಯ್ದಿದ್ದಾರೆ. ಚಿತ್ರದ ವಸ್ತು ಬೌದ್ಧರ ಜಾತಕಕಥೆಯೆಂದು ತೋರಿಸಿದ್ದಾರೆ. ಚಿತ್ರ ಪುಲಕೇಶಿಗಿಂತ ಒಂದು ಶತಮಾನಕ್ಕೂ ಹೆಚ್ಚು ಹಳೆಯದಾದರೆ ಅದು ಅವನ ರಾಯಭಾರಕ್ಕೆ ಸಾಕ್ಷಿಯಾಗುವುದೆಂತು?

ಇದರಿಂದ ಪುಲಕೇಶಿಯು ಸಣ್ಣವನಾದನೇ? ಇಲ್ಲ. ಅವನ ಹಿರಿಮೆಗೆ ಗಟ್ಟಿಯಾದ ಸಾಕ್ಷಿ ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿದೆ. ಶಕವರ್ಷ 556ರ, ಎಂದರೆ ಕ್ರಿ.ಶ. 634-35ರ ಆ ಪ್ರಶಸ್ತಿಯನ್ನು ರಚಿಸಿದ ರವಿಕೀರ್ತಿಯು ಅರಸನ ಆಶ್ರಿತ. ಹರ್ಷನ ಹರ್ಷವು ಅಡಗಿತೆಂದು ಅವನು ಹೇಳಿದರೆ, ಆಶ್ರಿತನ ಹೊಗಳಿಕೆಯೆಂದು ಸಂಶಯಿಸಬಹುದಾಗಿತ್ತು. ಆದರೆ ಹರ್ಷನಿಂದಲೇ ಸತ್ಕಾರ ಪಡೆದ ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗನೂ ಈ ನಾಡಿನ ಅರಸನನ್ನು ಮಣಿಸಲು ಹರ್ಷನಿಂದ ಆಗಲಿಲ್ಲವೆಂದು ಬರೆದಿದ್ದಾನೆ. ಎದುರಾಳಿಯ ಅತಿಥಿಯೇ ಒಪ್ಪಿಕೊಂಡ ಮಾತಿಗಿಂತ ಹೆಚ್ಚಿನ ಪ್ರಮಾಣ ಬೇಕೆ? ದುರ್ಬಲ ಸಾಕ್ಷಿಯನ್ನು ಕೈಬಿಡುವುದರಿಂದ ಸತ್ಯವು ಬಡವಾಗುವುದಿಲ್ಲ.

ಈಗ ನಮ್ಮ ಹೃದಯಕ್ಕೆ ಇನ್ನೂ ಹತ್ತಿರವಾದ ವಿಷಯ. ಪುರಾತತ್ತ್ವ ವಿದ್ವಾಂಸನಾದ ಫ್ಲೀಟನು ಅಬ್ಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವನ್ನು ಕಂಡು, ಸಮಕಾಲೀನ ಶಾಸನಗಳಲ್ಲಿ ಬಸವಣ್ಣನವರ ಹೆಸರನ್ನು ಕಾಣದೆ, ಲಿಂಗಾಯತ ಆಂದೋಲನದ ಪ್ರವರ್ತಕರ ಸ್ಥಾನವನ್ನು ರಾಮಯ್ಯನಿಗೆ ಕೊಡಲು ಮುಂದಾದನು. ಶಾಸನದ ಮೌನವನ್ನೇ ಸಾಕ್ಷಿಯೆಂದು ಹಿಡಿದ ತಪ್ಪು ಇದು. ಮುಂದೆ ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ 1260ರ ಶಾಸನವೊಂದು ಬೆಳಕಿಗೆ ಬಂದಿತು. ಬಸವಣ್ಣನವರು ಲಿಂಗೈಕ್ಯರಾಗಿ ಸುಮಾರು ಒಂದು ಶತಮಾನ ಕಳೆಯುವುದರೊಳಗೇ ಅವರ ಹೆಸರೂ ವಂಶದ ವಿಷಯವೂ ಕಲ್ಲಿನ ಮೇಲೆ ಬರೆಯಲ್ಪಟ್ಟುದು ಅಲ್ಲಿ ಸಿದ್ಧವಾಯಿತು. ಉರುಳೆಯಲ್ಲಿ ಜೆರುಸಲೇಮಿನ ಹೆಸರಿಲ್ಲದಿದ್ದುದರಿಂದ ಆತುರಪಡಬಾರದೆಂದು ಮೇಲೆ ಹೇಳಿದ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಆದರೆ ನ್ಯಾಯದ ತಕ್ಕಡಿ ನಮಗೂ ಅದೇ ಆಗಿರಬೇಕು. ಅನುಭವಮಂಟಪವು ಜಗತ್ತಿನ ಮೊದಲ ಸಂಸತ್ತು, 1215ರ ಇಂಗ್ಲೆಂಡಿನ ಮಹಾಸನ್ನದಿಗಿಂತ ಹಿಂದಿನದು ಎಂಬ ಮಾತುಗಳನ್ನು ಇತ್ತೀಚೆಗೆ ವೇದಿಕೆಗಳ ಮೇಲೆ ನಾವು ಮೇಲಿಂದ ಮೇಲೆ ಕೇಳುತ್ತೇವೆ. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಭಾರತದ ಪ್ರಧಾನಿಗಳು ಬಸವೇಶ್ವರರ ಪ್ರತಿಮೆಯನ್ನು ಅನಾವರಣಗೊಳಿಸಿದಾಗ ನಮ್ಮೆಲ್ಲರ ಎದೆ ಉಬ್ಬಿದುದು ಸಹಜ. ಆ ಸಂತೋಷವನ್ನು ಅನುಭವಿಸೋಣ. ಆದರೆ ಅಂಥ ಸಮಾರಂಭಗಳಲ್ಲಿ ಆಡಿದ ಮಾತು ನಮ್ಮ ಕಾಲದವರು ಬಸವಣ್ಣನವರಿಗೆ ಸಲ್ಲಿಸಿದ ಗೌರವಕ್ಕೆ ಸಾಕ್ಷಿಯೇ ಹೊರತು, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆದುದಕ್ಕೆ ಸಾಕ್ಷಿಯಾಗದು. ಆ ಕಾಲಕ್ಕೆ ಸಾಕ್ಷಿಗಳು ಬೇರೆ ಇವೆ: ವಚನಗಳಿವೆ, ಶಾಸನಗಳಿವೆ, ಅವುಗಳ ತರುವಾಯ ಪುರಾಣಗಳೂ ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯೂ ಇವೆ. ಇವುಗಳಲ್ಲಿ ಯಾವುದು ಯಾವ ಕಾಲದ್ದು, ಯಾವುದಕ್ಕೆ ಎಷ್ಟು ತೂಕ ಎಂದು ನೋಡುವುದೇ ನಿಜವಾದ ಭಕ್ತಿ. ಅಂಬಿಗನೂ ಮಾದಾರನೂ ಕಸಗುಡಿಸುವ ತಾಯಿಯೂ ತಮ್ಮ ಅನುಭಾವವನ್ನು ತಮ್ಮದೇ ಅಂಕಿತದಲ್ಲಿ ನುಡಿದುದು ಎಲ್ಲಿಯೂ ಸುಲಭವಾಗಿ ಕಾಣಸಿಗದ ಸಂಗತಿ. ಪರದೇಶದ ಸಂಸ್ಥೆಯೊಂದರ ಹೆಸರನ್ನು ಎರವಲು ತಂದು ಅದಕ್ಕೆ ಕಿರೀಟವಿಡಬೇಕಾದ ಅಗತ್ಯವೇ ಇಲ್ಲ. ಎರವಲು ಕಿರೀಟವನ್ನು ಕೊಟ್ಟವರು ಎಂದಾದರೊಂದು ದಿನ ಕಸಿದುಕೊಂಡಾರು. ಉರುಳೆಗೆ ಕಟ್ಟಿದ ಬಿರುದಿಗೆ ಆದುದೂ ಅದೇ.

ಕೊನೆಯದಾಗಿ ಒಂದು ವಿಜ್ಞಾಪನೆ. ಉರುಳೆಯನ್ನು ಅಗೆದು ತೆಗೆದಾಗ ಅದು ಸಿಕ್ಕ ನಿರ್ದಿಷ್ಟ ಜಾಗದ ವಿವರ ಸರಿಯಾಗಿ ದಾಖಲಾಗಲಿಲ್ಲ. ಅದರದೇ ಒಂದು ಚೂರು ಬೇರೆಯಾಗಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯವನ್ನು ಸೇರಿ, ಅದು ಇದರ ಭಾಗವೆಂಬುದು ಗೊತ್ತಾಗಲು 1970ರ ಸುಮಾರಿನವರೆಗೆ ಕಾಯಬೇಕಾಯಿತು. ನಮ್ಮಲ್ಲಿಯೂ ಹೀಗೆಯೇ. ಫ. ಗು. ಹಳಕಟ್ಟಿಯವರು ಮನೆಮನೆ ಮಠಮಠಗಳನ್ನು ತಿರುಗಿ ತಾಳೆಗರಿಗಳನ್ನು ಕೂಡಿಸದೆ ಇದ್ದಿದ್ದರೆ, 1923ರಲ್ಲಿ ವಚನಶಾಸ್ತ್ರಸಾರವು ಬೆಳಕು ಕಾಣುತ್ತಿರಲಿಲ್ಲ. ತಮ್ಮ ಮನೆಯ ಅಟ್ಟದ ಮೇಲೆ, ಜಗಲಿಯ ಗೂಡಿನಲ್ಲಿ, ತಾವು ಓದಿ ಬೆಳೆದ ಮಠದ ಭಂಡಾರದಲ್ಲಿ ಹಳೆಯ ಗರಿ, ಕಡತ, ತಾಮ್ರಪಟಗಳೇನಾದರೂ ಇದ್ದರೆ ಅವುಗಳನ್ನು ಹೊಳೆಗೆ ಬಿಡಬೇಡಿರಿ, ವ್ಯಾಪಾರಿಗೆ ಮಾರಬೇಡಿರಿ, ಹೊಳಪು ಬರಲೆಂದು ತಿಕ್ಕಬೇಡಿರಿ. ಎಲ್ಲಿ ಇದ್ದಿತು, ಯಾವುದರ ಜೊತೆಗೆ ಇದ್ದಿತು, ಯಾರಿಂದ ಬಂದಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದರೊಡನೆ ಇಡಿರಿ, ಬಲ್ಲವರಿಗೆ ತೋರಿಸಿರಿ. ಊರಿನ ಶಾಸನದ ಕಲ್ಲಿಗೆ ಬಣ್ಣ ಬಳಿಯಲು ಹೊರಟವರನ್ನು ತಡೆಯಿರಿ.

ಸಾಕ್ಷಿಯನ್ನು ಕಾಪಾಡುವುದೂ ಒಂದು ಕಾಯಕ. ಅದರ ಮಾತನ್ನು ತಾಳ್ಮೆಯಿಂದ ಕೇಳಿ, ಅದು ಹೇಳಿದಷ್ಟನ್ನೇ ಹೇಳುವುದೂ ಒಂದು ಕಾಯಕ. ಈ ಎರಡನ್ನೂ ನಡೆಸಿಕೊಂಡು ಬರುವ ಶಕ್ತಿಯನ್ನು ಗುರುಲಿಂಗಜಂಗಮರು ನಮಗೆ ಕರುಣಿಸಲಿ.